ಸುರಿದವನ ಹೊಣೆ

ಅತಿಥಿಯನ್ನು ಆದರದಿಂದ ಕರೆಯುವುದು, ಕೂರಿಸುವುದು, ಬೇಡವೆಂದರೂ ಬಡಿಸುವುದು ನಮ್ಮವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಎಲೆಗೆ ಅಡ್ಡ ಹಿಡಿದ ಕೈಯ ಬೆರಳ ಸಂದಿಯಲ್ಲಿಯೇ ತುಪ್ಪ ಸುರಿಯುವವನು ಒಳ್ಳೆಯ ಯಜಮಾನನೆನಿಸುತ್ತಾನೆ. ತುಪ್ಪದಿಂದ ದಾರಿಹೋಕರಿಗೆ ಕೇಡಿಲ್ಲ. ಆದರೆ ಸುರಿದದ್ದು ಮದ್ಯವಾಗಿದ್ದು, ಕುಡಿದವನು ವಾಹನವೇರಿ ಹೊರಟು ಏನೂ ಅರಿಯದ ಮೂರನೆಯವರನ್ನು ಕೆಡವಿದರೆ, ಸುರಿದವನಿಗೂ ಆ ತಪ್ಪಿನಲ್ಲಿ ಪಾಲುಂಟೆ?

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸುಪ್ರೀಂ ಕೋರ್ಟು 1984ರಲ್ಲಿ, ಕೆಲ್ಲಿ–ಗ್ವಿನೆಲ್ ಮೊಕದ್ದಮೆಯಲ್ಲಿ, ಇದಕ್ಕೆ ಉತ್ತರ ಹೇಳಿತು. ಸಂಗತಿ ಸರಳವಾದದ್ದು. ಒಬ್ಬನು ತನ್ನ ಸ್ನೇಹಿತನನ್ನು ಕಾರಿನಲ್ಲಿ ಮನೆಗೆ ಬಿಟ್ಟು, ಅಲ್ಲಿಯೇ ಒಂದೆರಡು ಗಂಟೆ ಕುಳಿತು ಕುಡಿದನು. ಹೊರಟಾಗ ಮನೆಯವನು ಕಾರಿನವರೆಗೂ ಬಂದು, ನಾಲ್ಕು ಮಾತನಾಡಿ ಕಳುಹಿಸಿಕೊಟ್ಟನು. ಸುಮಾರು 25 ನಿಮಿಷಗಳ ತರುವಾಯ, ಕ್ಷೇಮವಾಗಿ ಸೇರಿದನೇ ಎಂದು ಫೋನು ಮಾಡಿ ವಿಚಾರಿಸಿದನು. ಫೋನೆತ್ತಿದ ಸ್ನೇಹಿತನ ಹೆಂಡತಿ ಅಪಘಾತದ ಸುದ್ದಿ ತಿಳಿಸಿದಳು. ಎದುರು ಬಂದ ಕಾರಿನಲ್ಲಿದ್ದ ಹೆಂಗಸಿಗೆ ತೀವ್ರವಾದ ಗಾಯಗಳಾಗಿದ್ದವು.

ಎರಡು ಮೂರು ಗ್ಲಾಸು ಮಾತ್ರ ಕುಡಿದದ್ದೆಂದು ಮನೆಯವರೂ ಅತಿಥಿಯೂ ಹೇಳಿದರು. ರಕ್ತ ಬೇರೆ ಹೇಳಿತು: 100 ಮಿಲಿಲೀಟರಿಗೆ 286 ಮಿಲಿಗ್ರಾಂ. ನಮ್ಮ ದೇಶದ ಮಿತಿ 30. ಹದಿಮೂರು ಗ್ಲಾಸಿನಷ್ಟಾದರೂ ಆಗಿರಬೇಕೆಂದು ತಜ್ಞರೊಬ್ಬರು ಲೆಕ್ಕ ಹಾಕಿದರು. ಆ ಫೋನಿನ ಸಂಗತಿಯನ್ನು ಓದಿದಾಗ ನನಗೆ ಮನೆಯವನು ದುಷ್ಟನೆನ್ನಿಸಲಿಲ್ಲ, ಅವನಿಗೆ ಕಳವಳವಿತ್ತು. ಅದು ಕಾರಿನ ಬಾಗಿಲಲ್ಲಿ ಬರಬೇಕಾಗಿತ್ತು, ಅಷ್ಟೆ.

ಅತಿಥಿಗೆ ಅಮಲೇರಿದೆಯೆಂದೂ ಅವನೇ ವಾಹನ ನಡೆಸುವನೆಂದೂ ತಿಳಿದು ಮದ್ಯ ಕೊಟ್ಟ ಆತಿಥೇಯನು ಗಾಯಗೊಂಡವರಿಗೆ ಹೊಣೆಗಾರನೆಂದು ಮುಖ್ಯ ನ್ಯಾಯಾಧೀಶ ವಿಲೆಂಟ್ಜ್ ಅವರು ತೀರ್ಪಿತ್ತರು. ನ್ಯಾಯಾಧೀಶೆ ಗ್ಯಾರಿಬಾಲ್ಡಿ ಅವರು ಒಪ್ಪಲಿಲ್ಲ. ಅಂಗಡಿಯವನಿಗಿರುವ ಅನುಭವ ಮನೆಯವನಿಗೆಲ್ಲಿಯದು, ವಿಮೆಯ ಆಸರೆಯಾದರೂ ಎಲ್ಲಿಯದು ಎಂಬುದು ಅವರ ವಾದ. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 1987ರಲ್ಲಿ ಆ ರಾಜ್ಯದ ಶಾಸನಸಭೆಯೂ ಕಾಯಿದೆ ಮಾಡಿ ಆತಿಥೇಯನ ಹೊಣೆಗೆ ಎಲ್ಲೆ ಹಾಕಿತು.

ಕೆನಡದ ಸುಪ್ರೀಂ ಕೋರ್ಟು 2006ರಲ್ಲಿ ಬೇರೆ ದಾರಿ ಹಿಡಿಯಿತು. ಹೊಸವರ್ಷದ ಕೂಟದಿಂದ ಹೊರಟವನು ಎದುರು ಕಾರಿಗೆ ಡಿಕ್ಕಿ ಹೊಡೆದು, ಒಬ್ಬರು ಸತ್ತು, ಒಬ್ಬ ಹುಡುಗಿ ನಡೆಯಲಾರದಂತಾದಳು. ಆದರೂ ಮನೆಯವರು ಹೊಣೆಗಾರರಲ್ಲವೆಂದು ತೀರ್ಪಾಯಿತು. ಅಲ್ಲಿ ಅತಿಥಿಗಳು ತಮ್ಮ ಮದ್ಯವನ್ನು ತಾವೇ ತಂದಿದ್ದರು. ಮನೆಯವರು ಕೊಟ್ಟದ್ದು ಅತ್ಯಲ್ಪ. ಕಣ್ಣಿಗೆ ಕಾಣುವಂತೆ ಅಮಲೇರಿದವನಿಗೆ, ಅವನು ವಾಹನ ನಡೆಸುವನೆಂದು ಬಲ್ಲವರು ತಾವೇ ಕೊಟ್ಟರೆ ಏನೆಂಬ ಪ್ರಶ್ನೆಯನ್ನು ಕೋರ್ಟು ಮುಚ್ಚಿಹಾಕಲಿಲ್ಲ.

ನಮ್ಮಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯ 185ನೆಯ ಪ್ರಕರಣವು ಕುಡಿದು ನಡೆಸಿದವನನ್ನು ಶಿಕ್ಷಿಸುತ್ತದೆ. 188ನೆಯ ಪ್ರಕರಣವು ಆ ಅಪರಾಧಕ್ಕೆ ದುಷ್ಪ್ರೇರಣೆ ಕೊಟ್ಟವನಿಗೂ ಅದೇ ಶಿಕ್ಷೆಯೆನ್ನುತ್ತದೆ. ಆದರೆ ದುಷ್ಪ್ರೇರಣೆಯೆನ್ನಲು ಉದ್ದೇಶವಿರಬೇಕು. ಉಪಚಾರ ಮಾಡುವವನಿಗೆ ಅಂಥ ಉದ್ದೇಶವೆಲ್ಲಿರುತ್ತದೆ? ಅವನಿಗಿರುವುದು ಮರ್ಯಾದೆಯ ಚಿಂತೆ.

ಈ ವಿಷಯವನ್ನೇ ನಾನು ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮ ಅಕ್ಕನ ಬೀಗರೂಟದ ದಿನ ಕೊಟ್ಟಿಗೆಯ ಹಿಂದೆ ಗ್ಲಾಸು ಹಂಚುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನನಗಾಗ ಹದಿನೇಳು ವರ್ಷ. “ಬೀಗರಿಗೆ ಕಡಿಮೆ ಮಾಡಬೇಡ ಕಣೋ” ಎಂದು ದೊಡ್ಡಪ್ಪ ಎರಡು ಸಲ ಹೇಳಿದ್ದರು. ಬೀಗರ ಕಡೆಯ ಒಬ್ಬರು “ಸಾಕಪ್ಪ, ಗಾಡಿ ಓಡಿಸಬೇಕು” ಎಂದು ಗ್ಲಾಸಿನ ಮೇಲೆ ಕೈಯಿಟ್ಟರು. ನಾನು ನಗುತ್ತ ಕೈ ಸರಿಸಿ ಸುರಿದೆನು. ಸಂಜೆ ನಾಲೆಯ ಏರಿಯ ಮೇಲೆ ಅವರ ಬೈಕು, ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ನಮ್ಮೂರ ಕೂಲಿಯಾಳೊಬ್ಬನಿಗೆ ಬಡಿಯಿತು. ಅವನ ಕಾಲು ಮುರಿಯಿತು. ಆ ವರ್ಷದ ಸುಗ್ಗಿಗೆ ಅವನು ಹೊಲಕ್ಕಿಳಿಯಲಿಲ್ಲ. ಅರಳಿಕಟ್ಟೆಯ ಮೇಲೆ ಹಿರಿಯರು ಕುಳಿತು ಬೈಕಿನವರನ್ನು ವಿಚಾರಿಸಿ, ಆಸ್ಪತ್ರೆಯ ಖರ್ಚನ್ನು ಅವರ ಮೇಲೆ ಹಾಕಿದರು.

ನಾನೂ ಅಲ್ಲಿಯೇ ನಿಂತಿದ್ದೆನು. ನನ್ನನ್ನು ಯಾರೂ ಏನೂ ಕೇಳಲಿಲ್ಲ.