ಮಳೆಗಾಲದಲ್ಲಿ ಕೊಳ್ಳುವ ಕಾರು

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಟಾಪ್ ಮಡಚುವ ಕನ್ವರ್ಟಿಬಲ್ ಕಾರಿನ ಮಟ್ಟಿಗೆ ಹಲ್ಲು ಎಂದರೆ ಮಂಡಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮನೆ ಸಾಲ, ಮಕ್ಕಳ ಕಾಲೇಜು ಫೀಸು, ಊರಿಗೆ ಕಳಿಸುವ ದುಡ್ಡು ಎಲ್ಲವನ್ನೂ ಮಿನಿವ್ಯಾನಿನಲ್ಲಿ ಹೇರಿಕೊಂಡು ಓಡಿಸಿದವರು ನಾವು. ನಿವೃತ್ತಿಯಾದ ಮೇಲೆ ಟಾಪ್ ತೆಗೆದು ಕಡಲ ದಡದ ಹೈವೇ ಒಂದರಲ್ಲಿ ಹೋಗಬೇಕು ಅನ್ನಿಸಿತು. "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಮಗೆ ಎಪ್ಪತ್ತಕ್ಕೆ ಶುರುವಾಯ್ತಲ್ಲ ಸಾರ್" ಎಂದರು ಗೆಳೆಯರು. ಅನ್ನಲಿ. ಹೊಸದನ್ನು ಕೊಳ್ಳುವ ಯೋಚನೆಯಂತೂ ಇರಲಿಲ್ಲ. ಇಂಥ ಕಾರುಗಳು ಬಹುಪಾಲು ಮನೆಯ ಎರಡನೆಯ, ಮೂರನೆಯ ಗಾಡಿಗಳು. ಹೆಚ್ಚು ಓಡಿರುವುದಿಲ್ಲ, ಮೊದಲ ಮಾಲೀಕರು ಬೆಲೆ ಇಳಿತದ ಪೆಟ್ಟು ತಿಂದು ಮುಗಿಸಿರುತ್ತಾರೆ.

ಬೆಲೆ ನೋಡುವ ಮೊದಲು ಮೈ ನೋಡಿಕೊಳ್ಳಬೇಕು. ಎಲ್ಲರೂ ಮೊದಲು ತೋರಿಸುವುದು ಮಾಜ್ದಾ ಮಿಯಾಟಾ. 1989ರಲ್ಲಿ ಚಿಕಾಗೊ ಆಟೊ ಶೋನಲ್ಲಿ ಕಾಣಿಸಿಕೊಂಡ ಈ ಎರಡು ಸೀಟಿನ ಕಾರು 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿತ್ತು. ಹಗುರ, ಗಟ್ಟಿ, ಬಿಡಿಭಾಗಗಳು ಸಲೀಸಾಗಿ ಸಿಗುತ್ತವೆ. ಬಟ್ಟೆಯ ಟಾಪನ್ನು ಕೂತಲ್ಲಿಂದಲೇ ಒಂದೇ ಕೈಯಲ್ಲಿ ಹಿಂದಕ್ಕೆ ಎಳೆಯಬಹುದು. ಆದರೆ ಸೀಟು ಮಾತ್ರ ನೆಲ ಮುಟ್ಟುವಷ್ಟು ಕೆಳಗಿದೆ. ಕೂರುವುದು ಕಷ್ಟವಾಗಲಿಲ್ಲ, ಅರ್ಧ ದಾರಿಯವರೆಗೆ ನಾನು, ಆಮೇಲೆ ಭೂಮಿಯೇ ಎಳೆದುಕೊಂಡಿತು. ಇಳಿಯುವಾಗ ಎಡಗಾಲು ಹೊರಗಿಟ್ಟು, ಒಂದು ಕೈ ಬಾಗಿಲ ಮೇಲೆ, ಇನ್ನೊಂದು ಸ್ಟೀರಿಂಗ್ ಮೇಲೆ ಊರಿ ದಮ್ಮು ಕಟ್ಟುತ್ತಿದ್ದಾಗ ಹೊರಗೆ ನಿಂತಿದ್ದ ನನ್ನಾಕೆ, "ರೀ, ಕ್ರೇನ್ ಕರೆಸಲಾ?" ಎಂದಳು. ಸೇಲ್ಸ್‌ಮನ್‌ಗೆ ಕನ್ನಡ ಬಾರದಿದ್ದದ್ದು ಒಳ್ಳೆಯದಾಯಿತು.

ಎರಡು ಬಾಗಿಲಿನ ಕಾರಿನಲ್ಲಿ ಇನ್ನೂ ಎರಡು ತಾಪತ್ರಯಗಳಿವೆ. ಬಾಗಿಲು ಉದ್ದವಾದ್ದರಿಂದ ಸೀಟ್ ಬೆಲ್ಟ್ ಭುಜದಿಂದ ತುಂಬ ಹಿಂದೆ ಇರುತ್ತದೆ. ಭುಜ ಬಿಗಿದುಕೊಂಡವರು ಪ್ರತಿ ಸಲವೂ ಮೈ ತಿರುಚಿ ಅದನ್ನು ಹುಡುಕಬೇಕು. ಮರ್ಸಿಡಿಸ್ ಇ-ಕ್ಲಾಸ್ ಕ್ಯಾಬ್ರಿಯೊಲೆಯಲ್ಲಿ ಬೆಲ್ಟನ್ನು ಮುಂದಕ್ಕೆ ಚಾಚುವ ಪುಟ್ಟ ತೋಳೊಂದಿದೆ. ಅದರ ರಿಪೇರಿ ಖರ್ಚು ನೆನೆದು ನಾನು ಆ ತೋಳಿಗೆ ದೂರದಿಂದಲೇ ಕೈ ಮುಗಿದೆ. ಎರಡನೆಯದು, ತರಕಾರಿ ಅಂಗಡಿಯ ಪಾರ್ಕಿಂಗ್‌ನಲ್ಲಿ ಪಕ್ಕದ ಕಾರು ಒತ್ತಿ ನಿಂತರೆ ಆ ಉದ್ದ ಬಾಗಿಲು ಅರ್ಧವೇ ತೆರೆಯುವುದು. ಟೆಸ್ಟ್ ಡ್ರೈವ್ ಎಂದರೆ ರಸ್ತೆಯಲ್ಲಿ ಓಡಿಸುವುದಷ್ಟೇ ಅಲ್ಲ. ಎರಡು ಕಾರುಗಳ ನಡುವೆ ನಿಲ್ಲಿಸಿ, ಹತ್ತಿ ಇಳಿದು, ಬೆಲ್ಟ್ ಹಾಕಿ, ಕತ್ತು ಹೊರಳಿಸಿ ಹಿಂದೆ ಏನು ಕಾಣುತ್ತದೆ ನೋಡಬೇಕು. ಟಾಪ್ ಮುಚ್ಚಿದಾಗ ಹಿಂಬದಿಯ ಎರಡು ಮೂಲೆಗಳೂ ಕುರುಡು. ಎದೆಗೂ ಸ್ಟೀರಿಂಗ್‌ಗೂ ನಡುವೆ ಹತ್ತು ಇಂಚಾದರೂ ಜಾಗ ಉಳಿಯಬೇಕು, ಏರ್‌ಬ್ಯಾಗ್ ಇರುವುದೇ ಅಲ್ಲಿ.

ಇನ್ನು ಟಾಪ್. ದುಡ್ಡು ಸೋರುವುದೂ ನೀರು ಸೋರುವುದೂ ಇಲ್ಲಿಂದಲೇ. ಮಡಚುವ ಲೋಹದ ಟಾಪ್ ನೋಡಲು ಚೆಂದ, ಒಳಗೆ ಸದ್ದೂ ಕಡಿಮೆ. ಆದರೆ ಫೋಕ್ಸ್‌ವ್ಯಾಗನ್ ಇಯೋಸ್‌ನಂಥ ಕಾರಿನಲ್ಲಿ ಟಾಪ್ ಐದು ತುಂಡು. ಅವುಗಳ ಸುತ್ತ ರಬ್ಬರ್ ಸೀಲು, ಮೋಟಾರು, ಹೈಡ್ರಾಲಿಕ್ ಕೊಳವೆ, ಸೆನ್ಸರ್. ವಾರಂಟಿ ಮುಗಿದ ಹತ್ತು ವರ್ಷದ ಕಾರಿನಲ್ಲಿ ಇಷ್ಟೊಂದು ಕೀಲುಗಳನ್ನು ಪಿಂಚಣಿಯ ದುಡ್ಡಿನಲ್ಲಿ ಸಾಕುವುದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬಟ್ಟೆಯ ಟಾಪ್ ಹರಿದರೆ ಹೊಸದು ಹೊಲಿಸಿ ಹಾಕಿಸಬಹುದು, ಖರ್ಚು ಎಷ್ಟೆಂದು ಮೊದಲೇ ಕೇಳಿಕೊಳ್ಳಬಹುದು. ಅದರಲ್ಲೂ ಮಡಿಕೆ ಬೀಳುವ ಜಾಗದ ಸವೆತ, ಹಿಂಬದಿಯ ಗಾಜಿನ ಅಂಚು, ನೀರು ಇಳಿದುಹೋಗುವ ತೂತುಗಳನ್ನು ನೋಡಲೇಬೇಕು. ಎಲೆ, ಕಸ ಕಟ್ಟಿಕೊಂಡರೆ ನೀರು ಕಾರಿನೊಳಗೇ ನಿಂತು ತಳ ತುಕ್ಕು ಹಿಡಿಯುತ್ತದೆ. ಕಾರ್ಪೆಟ್ ಕೆಳಗೆ ಬೆರಳು ತೂರಿಸಿ, ಮೂಗಿಗೆ ಹಿಡಿದು ನೋಡಿ. ಮುಗ್ಗಲು ವಾಸನೆಯನ್ನು ಯಾವ ಸೆಂಟೂ ಮುಚ್ಚುವುದಿಲ್ಲ.

ಹೀಗೆ ಒಂದೊಂದೇ ಕಳೆಯುತ್ತ ಹೋಗಿ ನಾನು ನಿಂತಿದ್ದು ಫೋರ್ಡ್ ಮಸ್ಟಾಂಗ್ ಬಳಿ, 2015ರಿಂದ ಈಚಿನದ್ದು. ಸೀಟು ಮಿಯಾಟಾಗಿಂತ ಎತ್ತರ, ಬಟ್ಟೆಯ ಟಾಪಿಗೆ ಹೈಡ್ರಾಲಿಕ್ ಬದಲು ವಿದ್ಯುತ್ ಮೋಟಾರು, ನಡುವೆ ತಿರುಗಿಸುವ ಒಂದೇ ಹಿಡಿ. ಹಿಂದಿನ ಸೀಟಿನಲ್ಲಿ ದೊಡ್ಡವರು ಕೂರಲಾರರು, ಅಕ್ಕಿ ಮೂಟೆ ಕೂರುತ್ತದೆ. ಕಾರು ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ಅಮೆರಿಕದಲ್ಲಿ ಕಡ್ಡಾಯವಾದದ್ದು 2012ರ ಮಾದರಿಗಳಿಂದ, ರಿವರ್ಸ್ ಕ್ಯಾಮೆರಾ 2018ರ ಮೇ ತಿಂಗಳಿಂದ. ಕತ್ತು ತಿರುಗದ ವಯಸ್ಸಿನಲ್ಲಿ ಈ ಎರಡೂ ಇಲ್ಲದ ಹಳೆಯ ಚೆಲುವೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ನನಗೆ ಬೇಡ. ಮಸ್ಟಾಂಗ್‌ನಲ್ಲಿ ಕ್ಯಾಮೆರಾ 2015ರಲ್ಲೇ ಬಂತು. ಒಂದು ಎಚ್ಚರಿಕೆ: ಪ್ರವಾಸಿಗರ ಬಾಡಿಗೆ ಕಂಪನಿಗಳಿಗೆ ಈ ಕಾರು ಬಲು ಅಚ್ಚುಮೆಚ್ಚು. ನೀವು ನೋಡುತ್ತಿರುವ ಕಾರು ಅಲ್ಲಿಂದ ಬಂದದ್ದೇ, ಪ್ರವಾಹದಲ್ಲಿ ಮುಳುಗಿದ್ದೇ ಎಂಬುದನ್ನು ಕಾರಿನ ಹಿಂದಿನ ಕಥೆ ಹೇಳುವ ಕಾರ್‌ಫ್ಯಾಕ್ಸ್ ವರದಿಯಲ್ಲಿ ನೋಡಿಕೊಳ್ಳಬೇಕು.

ಕಡಿಮೆ ಓಡಿದ ಕಾರು ಎಂದು ಹಿಗ್ಗುವ ಮೊದಲು ಟೈರ್ ಓದಬೇಕು. ಪಕ್ಕದ ಗೋಡೆಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ 2315 ಎಂದಿದ್ದರೆ ಅದು 2015ರ 23ನೇ ವಾರ ತಯಾರಾದದ್ದು. ಮೇಲೆ ಹೊಚ್ಚ ಹೊಸದರಂತೆ ಅಚ್ಚು ಕಂಡರೂ ರಬ್ಬರಿಗೆ ವಯಸ್ಸಾಗಿರುತ್ತದೆ. ನಾನು ನೋಡಿದ ಒಂದರಲ್ಲಿ ನಾಲ್ಕೂ ಟೈರು ಕಾರಿನಷ್ಟೇ ಹಳೆಯವು. ನಾಲ್ಕು ಹೊಸ ಟೈರಿನ ಬೆಲೆಯನ್ನು ಅಲ್ಲೇ ಚೌಕಾಸಿಗೆ ಹಾಕಿದೆ. ಡೀಲರು ಕಿಟಕಿಗೆ ಅಂಟಿಸಿರುವ ಬೈಯರ್ಸ್ ಗೈಡ್‌ನಲ್ಲಿ "ಆಸ್ ಈಸ್" ಎಂದಿದ್ದರೆ, ಕೊಂಡ ಮೇಲೆ ಕೆಟ್ಟದ್ದೆಲ್ಲ ನಿಮ್ಮ ತಲೆಗೇ. ಆದ್ದರಿಂದ ನಮ್ಮದೇ ಮೆಕ್ಯಾನಿಕ್‌ಗೆ ಒಂದೆರಡು ನೂರು ಡಾಲರ್ ಕೊಟ್ಟು ಜಾಕ್ ಮೇಲೆತ್ತಿಸಿ ನೋಡಿಸುವುದು ಅಗ್ಗ. ಅದಕ್ಕೆ ಒಪ್ಪದ ಡೀಲರ್ ಒಬ್ಬನಿಗೆ ನಮಸ್ಕಾರ ಹೇಳಿ ಬಂದೆ.

ದುಡ್ಡಿನ ಮಾತಿಗೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಮಾರಾಟ ತೆರಿಗೆಯ ದರ ಕಾರು ಕೊಂಡ ಊರಿನದ್ದಲ್ಲ, ನೋಂದಾಯಿಸುವ ಊರಿನದ್ದು. ಖಾಸಗಿಯವರಿಂದ ಕೊಂಡರೂ ವಾಹನ ನೋಂದಣಿ ಕಚೇರಿಯಾದ ಡಿಎಂವಿಯಲ್ಲಿ ಕಟ್ಟಲೇಬೇಕು. ನಿವೃತ್ತರಿಗೆ ಇದಕ್ಕಿಂತ ದೊಡ್ಡದು ಇನ್ನೊಂದಿದೆ. ನಿವೃತ್ತಿಗೆಂದು ಕೂಡಿಟ್ಟ ಸಾಂಪ್ರದಾಯಿಕ ಐಆರ್‌ಎ ಖಾತೆಯಿಂದ ತೆಗೆದದ್ದು ಆ ವರ್ಷದ ಆದಾಯಕ್ಕೆ ಸೇರುತ್ತದೆ. ಫೆಡರಲ್ ತೆರಿಗೆ ಶೇ 22ರ ಹಂತದಲ್ಲಿರುವವರ ಕೈಗೆ 20,000 ಡಾಲರ್ ಬರಬೇಕಾದರೆ ಸುಮಾರು 25,600 ತೆಗೆಯಬೇಕು, ರಾಜ್ಯದ ತೆರಿಗೆ ಬೇರೆ. ಆದಾಯ ಒಂದು ಮಿತಿ ದಾಟಿದರೆ ಎರಡು ವರ್ಷದ ನಂತರ ಹಿರಿಯರ ಆರೋಗ್ಯ ವಿಮೆ ಮೆಡಿಕೇರ್‌ನ ಪ್ರೀಮಿಯಮ್ಮೂ ಏರುತ್ತದೆ. ಅಷ್ಟು ಹೊತ್ತಿಗೆ ಕಾರಿನ ಖುಷಿ ಹಳೆಯದಾಗಿರುತ್ತದೆ, ಬಿಲ್ಲು ಹೊಸದಾಗಿ ಬರುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಡಿಸೆಂಬರ್-ಜನವರಿ. ನಮ್ಮಲ್ಲಿ ಮಳೆ ಬರುವುದೇ ಆಗ. ಟಾಪ್ ತೆಗೆಯುವ ಕಾರಿಗೆ ಗಿರಾಕಿ ಕಡಿಮೆ, ಮಾರುವವರ ದನಿ ಮೆತ್ತಗೆ. ಸೋರುತ್ತದೋ ಇಲ್ಲವೋ ನೋಡಲು ಬೇರೆ ಪರೀಕ್ಷೆ ಬೇಕಿಲ್ಲ. ಐಆರ್‌ಎಯಿಂದ ಅರ್ಧ ದುಡ್ಡು ಡಿಸೆಂಬರ್ ಕೊನೆಯಲ್ಲಿ, ಉಳಿದರ್ಧ ಜನವರಿಯಲ್ಲಿ ತೆಗೆದರೆ ಹೊರೆ ಎರಡು ತೆರಿಗೆ ವರ್ಷಗಳಿಗೆ ಹಂಚಿಹೋಗುತ್ತದೆ.

ಇನ್ನುಳಿದದ್ದು ಇನ್ಶೂರೆನ್ಸ್. 55 ದಾಟಿದವರು ಮೆಚ್ಯೂರ್ ಡ್ರೈವರ್ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಕೊಟ್ಟರೆ ಕ್ಯಾಲಿಫೋರ್ನಿಯಾದ ಕಂಪನಿಗಳು ಪ್ರೀಮಿಯಮ್ಮಿನಲ್ಲಿ ಒಂದಿಷ್ಟು ಬಿಡಬೇಕೆಂದು ಕಾನೂನೇ ಇದೆ. ಆ ಸರ್ಟಿಫಿಕೇಟ್ ಮೂರು ವರ್ಷ ನಡೆಯುತ್ತದೆ. ಏಜೆಂಟರು ತಾವಾಗಿ ಹೇಳಲಿಕ್ಕಿಲ್ಲ, ಬಾಯಿಬಿಟ್ಟು ಕೇಳಿ. ಮನೆಯ ಎರಡೂ ಕಾರನ್ನು ಒಂದೇ ಪಾಲಿಸಿಗೆ ಸೇರಿಸಿದರೆ ಎಷ್ಟಾಗುತ್ತದೆ ಎಂದು ಅದೇ ಫೋನಿನಲ್ಲಿ ಲೆಕ್ಕ ಹಾಕಿಸಿಕೊಳ್ಳಿ, ಕಾರಿಗೆ ಮುಂಗಡ ಕೊಡುವ ಮೊದಲು.