ಕೊಬ್ಬು, ಉರಿಯೂತ ಮತ್ತು ನಾವು

ನಮ್ಮ ಶಾಖೆಯ ಸಹೋದ್ಯೋಗಿಯೊಬ್ಬರಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಹೃದಯಾಘಾತವಾಯಿತು. ನೋಡುವುದಕ್ಕೆ ಸಪೂರದ ಮೈಕಟ್ಟು. ಧೂಮಪಾನದ ಚಟವೂ ಇರಲಿಲ್ಲ. ‘ಇವರಲ್ಲಿ ಕೊಬ್ಬೆಲ್ಲಿತ್ತು?’ ಎಂದು ಎಲ್ಲರೂ ಅಚ್ಚರಿಪಟ್ಟರು. ವಾಣಿಜ್ಯಶಾಸ್ತ್ರ ಓದಿದ ನಾನು ವೈದ್ಯನಲ್ಲ. ಆದರೂ ಆ ಪ್ರಶ್ನೆ ಬಿಡದೆ ಕಾಡಿದ್ದರಿಂದ, ಓದಿ ತಿಳಿದುಕೊಂಡ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಗಾಯವಾದ ಭಾಗ ಕೆಂಪೇರಿ, ಊದಿ, ನೋಯುವುದು ಎಲ್ಲರೂ ಬಲ್ಲ ಸಂಗತಿ. ಇದೇ ಉರಿಯೂತ. ರೋಗಾಣುಗಳನ್ನು ಕಬಳಿಸುವ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಈ ಕಾರ್ಯದಲ್ಲಿ ಮುಂದಾಳುಗಳು. ಭಕ್ಷಕ ಕೋಶಗಳ ಕಾರ್ಯವನ್ನು ತೋರಿಸಿಕೊಟ್ಟ ಮೆಚ್ನಿಕಾಫ್ ಅವರಿಗೆ 1908ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕೆಲಸ ಮುಗಿದೊಡನೆ ಉರಿಯೂತ ಶಮನವಾಗಬೇಕು. ಹಾಗಾಗದೆ ಒಳಗೊಳಗೇ ಹೊಗೆಯಾಡಿದರೆ ಕೇಡು ತಪ್ಪದು.

ಕೊಬ್ಬಿಗೂ ಇದಕ್ಕೂ ಏನು ಸಂಬಂಧ? ರಕ್ತದಲ್ಲಿ ಕೊಲೆಸ್ಟರಾಲನ್ನು ಒಯ್ಯುವ ಎಲ್.ಡಿ.ಎಲ್. ಕಣಗಳು ಹೆಚ್ಚಾದಾಗ ಅಪಧಮನಿಯ ಒಳಪದರವನ್ನು ಹೊಕ್ಕು ಅಲ್ಲಿ ಕೆಡುತ್ತವೆ. ಭಕ್ಷಕ ಕೋಶಗಳು ಇವನ್ನು ಕಸವೆಂದು ನುಂಗುತ್ತವೆ. ನುಂಗಿದ ಕೊಲೆಸ್ಟರಾಲನ್ನು ಎಚ್.ಡಿ.ಎಲ್. ಕಣಗಳ ಮೂಲಕ ಹೊರಸಾಗಿಸುವ ಏರ್ಪಾಡೂ ಉಂಟು. ಆದರೆ ಜಮೆಯು ಪಾವತಿಯನ್ನು ಮೀರಿದರೆ ಕೋಶವು ಕೊಬ್ಬಿನ ಹನಿಗಳಿಂದ ತುಂಬಿ ಸೂಕ್ಷ್ಮದರ್ಶಕದಲ್ಲಿ ನೊರೆಯಂತೆ ಕಾಣುತ್ತದೆ, ಕೊಲೆಸ್ಟರಾಲು ಹರಳುಗಟ್ಟುತ್ತದೆ. ಈ ಹರಳುಗಳೇ ಕೋಶವನ್ನು ಕೆರಳಿಸಿ, ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತಕಾರಕ ದ್ರವ್ಯವನ್ನು ಹೊರಡಿಸುತ್ತವೆಂದು 2010ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಈ ದ್ರವ್ಯವನ್ನು ತಡೆದರೆ ಹೃದಯಕ್ಕೆ ಒಳಿತಾಗುವುದೇ? ಹಿಂದೆ ಹೃದಯಾಘಾತವಾಗಿದ್ದ ಸುಮಾರು ಹತ್ತು ಸಾವಿರ ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2017ರಲ್ಲಿ ಹೊರಬಂತು. ಕೆನಕಿನುಮ್ಯಾಬ್ ಎಂಬ ಔಷಧ ಕೊಲೆಸ್ಟರಾಲನ್ನು ತಗ್ಗಿಸಲಿಲ್ಲ. ಆದರೂ 150 ಮಿಲಿಗ್ರಾಮ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಶೇ. 15ರಷ್ಟು ಕಡಿಮೆಯಾದವು. ಆದರೆ ಮಾರಕ ಸೋಂಕುಗಳು ಹೆಚ್ಚಿದವು. ಉರಿಯೂತವು ನಮ್ಮ ರಕ್ಷಣೆಯೂ ಹೌದೆಂಬುದನ್ನು ಮರೆಯಬಾರದು.

ಹೊಟ್ಟೆಯ ಕೊಬ್ಬು ಸಹ ನಿಷ್ಕ್ರಿಯ ಠೇವಣಿಯಲ್ಲ. ಅತಿಯಾಗಿ ಬೆಳೆದ ಕೊಬ್ಬಿನ ಅಂಗಾಂಶದೊಳಗೆ ಭಕ್ಷಕ ಕೋಶಗಳು ಗುಂಪುಗೂಡಿ ಉರಿಯೂತವನ್ನು ಹೆಚ್ಚಿಸುವುದು 2003ರಲ್ಲಿ ಸ್ಪಷ್ಟವಾಯಿತು. ಸಪೂರದವರೂ ಇದಕ್ಕೆ ಹೊರತಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮ ದೇಹಗಳನ್ನೇ ಹೋಲಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಎತ್ತರ-ತೂಕಗಳಿಂದ ಲೆಕ್ಕಹಾಕುವ ಬಿ.ಎಂ.ಐ. ಇಬ್ಬರದೂ 22.3, ದೇಹದ ಕೊಬ್ಬು ಮಾತ್ರ ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2! ನನ್ನ ಮಿತ್ರರ ವಿಷಯದಲ್ಲಿ ನಾವು ಕೇಳಿದ ಪ್ರಶ್ನೆಗೆ ಇದರಲ್ಲಿ ಉತ್ತರದ ಸುಳಿವಿದೆ.

ಆದುದರಿಂದ ತೂಕದ ಯಂತ್ರವೊಂದನ್ನೇ ನಂಬಿ ಕೂರದೆ ಸೊಂಟದ ಸುತ್ತಳತೆಯನ್ನೂ ನೋಡಿಕೊಳ್ಳಬೇಕು. ಭಾರತೀಯ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರಿನ ಒಳಗಿರುವುದು ಕ್ಷೇಮ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ನಿತ್ಯ ಅರ್ಧ ಗಂಟೆಯ ನಡಿಗೆ, ಕರಿದ ತಿಂಡಿಯಲ್ಲಿ ಮಿತಿ, ವೈದ್ಯರು ಕೊಟ್ಟ ಔಷಧವನ್ನು ತಪ್ಪದೆ ಸೇವಿಸುವುದು—ಇಷ್ಟು ನಮ್ಮ ಕೈಯಲ್ಲಿದೆ. ಲೋಕಲ್ ಗಾಡಿ, ಕಚೇರಿಯ ಕುರ್ಚಿ, ಮನೆ ಎಂಬ ಚಕ್ರದಲ್ಲಿ ಸುತ್ತುವ ನಮಗೆ ಇದಕ್ಕೆ ವೇಳೆಯಿಲ್ಲವೆನಿಸಬಹುದು. ನನ್ನ ಮಿತ್ರರು ಗುಣಹೊಂದಿ ಈಗ ಪ್ರತಿ ಬೆಳಿಗ್ಗೆ ನಡೆಯುತ್ತಾರೆ. ಅವರೊಡನೆ ನಾನೂ ಹೆಜ್ಜೆ ಹಾಕುತ್ತಿದ್ದೇನೆ.