ಹಳೇ ಸೈಕಲ್ಲಿನ ಬ್ರೇಕಿಗೆ ಪಿತ್ತಾಳೆ ಬೆಸುಗೆ
ಕಮಲನಗರದಲ್ಲಿ ಹಾಲಿನ ಕ್ಯಾನ್ ಹೊರಲು ನನಗೆ ಇಂದಿಗೂ ಹಳೇ ಸೈಕಲ್ಲೇ ಸೈ. ಅದರ ಮುಂದಿನ ಫೋರ್ಕಿನಲ್ಲಿ ಬ್ರೇಕ್ ಹಿಡಿದಿಡುವ ಕಿವಿ ಮುರಿಯಿತು. ಇಂಥದ್ದಕ್ಕೆ ತಂತಿ ಕಟ್ಟಿ ಓಡಿಸಬಾರದು. ಬ್ರೇಕ್ ಜಾರಿ ಸ್ಪೋಕಿಗೆ ಸಿಕ್ಕರೆ ಚಕ್ರ ಗಕ್ಕನೆ ನಿಂತು ಸವಾರ ಮುಗ್ಗರಿಸುತ್ತಾನೆ.

ಕರೆಂಟ್ ವೆಲ್ಡಿಂಗಿಗೆ ತೆಳು ಕೊಳವೆ ತೂತಾಗಬಹುದು. ಗ್ಯಾಸ್ ವೆಲ್ಡಿಂಗಿನವರಲ್ಲಿ ಪಿತ್ತಾಳೆ ಬೆಸುಗೆ ಕೇಳಿ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಶಾಖ ಬೇಕು. ಪಿತ್ತಾಳೆಗೆ ಸುಮಾರು 900 ಸಾಕು. ಹಾಗಾಗಿ ಕೊಳವೆ ಉಳಿಯುತ್ತದೆ.

ಮೊದಲು ಚಕ್ರ, ಬ್ರೇಕ್ ರಬ್ಬರ್ ಬಿಚ್ಚಿ. ಬಣ್ಣ, ತುಕ್ಕು ಪೂರ್ತಿ ಉಜ್ಜಿ ತೆಗೆದು ಬಿಳಿಗಾರ ಹಾಕಿಸಿ. ಎರಡೂ ಕಿವಿ ಒಂದೇ ಎತ್ತರದಲ್ಲಿರಲಿ. ಕಾದ ಬೆಸುಗೆಗೆ ನೀರು ಸುರಿಯದೆ ತಾನೇ ಆರಲು ಬಿಡಿ.

ಬಿರುಕು ಕೊಳವೆಗೂ ಹಬ್ಬಿದ್ದರೆ ಫೋರ್ಕನ್ನೇ ಬದಲಿಸಿ. ಜೋಡಿಸಿದ ಮೇಲೆ ಸೈಕಲ್ ತಳ್ಳುತ್ತ ಬ್ರೇಕ್ ಒತ್ತಿ ನೋಡಿ. ಹೊರೆ ಆಮೇಲೆ.